ಹಿಮ ಹೊದ್ದ ಆಮಿಶ್ ನಾಡಿನಲ್ಲಿ

ಸಂಕ್ರಾಂತಿ ಕಳೆದು ನಾಲ್ಕು ದಿನಗಳಾಗಿದ್ದವು. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ, ಫಿಲಡೆಲ್ಫಿಯ ನಗರದ ಹೊರವಲಯದಲ್ಲಿರುವ ಮಗಳ ಮನೆಗೆ ನಾವು ದಂಪತಿಗಳು ಬಂದು ಆರು ವಾರಗಳು ಸಂದಿದ್ದವು. ಹಿಂದಿನ ದಿನ ಮಧ್ಯಾಹ್ನದಿಂದ ಬೀಳತೊಡಗಿದ ಹಿಮ ರಾತ್ರಿಯೆಲ್ಲ ಸದ್ದಿಲ್ಲದೆ ಸುರಿದು ಬೆಳಗಿನ ಜಾವಕ್ಕೆ ನಿಂತಿತ್ತು. ಅಳಿಯಂದಿರು ಅಂಗಳದ ಹಿಮವನ್ನು ಸಲಿಕೆಯಿಂದ ಸರಿಸಿ ಒಳಗೆ ಬಂದವರೇ, "ಮಾವ, ಹೆದ್ದಾರಿ ತೆರವಾಗಿದೆಯಂತೆ. ನೀವು ಕಾಯುತ್ತಿದ್ದ ದಿನ ಇದೇ ಇರಬೇಕು" ಎಂದರು. ಎಂಟು ವರ್ಷದ ಮೊಮ್ಮಗಳು ಆಗಲೇ ಬೂಟು ತೊಟ್ಟು ಬಾಗಿಲಲ್ಲಿ ನಿಂತಿದ್ದಳು. ಅಂದು ಶನಿವಾರ. ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ಅವರ ಸ್ಮರಣೆಯ ರಜೆಯಾದ್ದರಿಂದ ಮೂರು ದಿನಗಳ ಬಿಡುವು ದೊರೆತಿತ್ತು. ನಮ್ಮಿಬ್ಬರಲ್ಲಿ ಒಬ್ಬರ ಕೊರಳಲ್ಲಿ ಕ್ಯಾಮೆರಾ, ಇನ್ನೊಬ್ಬರ ಕೈಯಲ್ಲಿ ಚಹಾ ತುಂಬಿದ ಥರ್ಮಾಸ್. ಲ್ಯಾಂಕಾಸ್ಟರ್ ಪ್ರಾಂತದ ಆಮಿಶ್ ಹಳ್ಳಿಗಳತ್ತ ನಮ್ಮ ಪಯಣ ಹೀಗೆ ಆರಂಭವಾಯಿತು.

ಕ್ಯಾಮೆರಾ ನಮಗೆ ಹೊಸದಲ್ಲ. ರೀಲು ಹಾಕಿ ಮೂವತ್ತಾರು ಚಿತ್ರಗಳನ್ನು ಲೆಕ್ಕವಿಟ್ಟು ತೆಗೆಯುತ್ತಿದ್ದ ಕಾಲದಿಂದಲೂ ಹೊಲ, ಕಣ, ಎತ್ತು, ಜಾತ್ರೆಗಳ ಚಿತ್ರ ತೆಗೆಯುವ ಹವ್ಯಾಸವನ್ನು ಉಳಿಸಿಕೊಂಡು ಬಂದವರು ನಾವು. ಯಂತ್ರಗಳ ತವರೆನಿಸಿದ ಅಮೆರಿಕದಲ್ಲಿ ಇಂದಿಗೂ ಹೇಸರಗತ್ತೆಗಳನ್ನು ಹೂಡಿ ಬೇಸಾಯ ಮಾಡುವ, ಕುದುರೆಗಾಡಿಯಲ್ಲಿ ಸಂತೆಗೆ ಹೋಗುವ ಜನರಿದ್ದಾರೆಂದು ಮಗಳು ತಿಳಿಸಿದಾಗಲೇ ಆ ನಾಡನ್ನು ಹಿಮ ಬಿದ್ದ ದಿನ ನೋಡಬೇಕೆಂಬ ಆಸೆ ಮನಸ್ಸಿನಲ್ಲಿ ಬೇರೂರಿತ್ತು. ಬೇಸಿಗೆಯಲ್ಲಿ ಅಲ್ಲಿ ಪ್ರವಾಸಿಗರ ನೂಕುನುಗ್ಗಲು. ಚಳಿಗಾಲದಲ್ಲಾದರೋ ರಸ್ತೆಗಳು ನಿರ್ಜನ. ಹೊಲಗಳು ತಮ್ಮ ಪಾಡಿಗೆ ತಾವಿರುತ್ತವೆ. ಒಳ್ಳೆಯ ಚಿತ್ರಗಳನ್ನು ತರುವ ಆಸೆಯಿಂದ ಹೊರಟ ನಮಗೆ ಅಲ್ಲಿ ಎಲ್ಲಕ್ಕಿಂತ ಒಳ್ಳೆಯ ಚಿತ್ರವೊಂದನ್ನು ಬಿಟ್ಟುಕೊಡಬೇಕಾದ ಪ್ರಸಂಗ ಬಂದಿತು. ಅದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬುದೇ ಈ ಬರಹದ ಉದ್ದೇಶ.

ಆಮಿಶರು ಯಾರು?

ಆಮಿಶರ ಮೂಲ ಯೂರೋಪಿನದು. ಹಸುಳೆಗೆ ಕೊಡುವ ದೀಕ್ಷಾಸ್ನಾನ ಸಲ್ಲದು, ಅರಿವು ಬಂದ ಮೇಲೆ ಸ್ವಂತ ಇಚ್ಛೆಯಿಂದಲೇ ಅದನ್ನು ಪಡೆಯಬೇಕು ಎಂದು ಸಾರಿದ ಕ್ರೈಸ್ತರ ಗುಂಪೊಂದು 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ರೂಪುಗೊಂಡಿತು. ಅವರನ್ನು ಅನಬ್ಯಾಪ್ಟಿಸ್ಟರೆಂದು ಕರೆದರು. ಆಳುವವರೂ ಅಂದಿನ ಚರ್ಚುಗಳೂ ಅವರಿಗೆ ಕೊಟ್ಟ ಹಿಂಸೆ ಅಷ್ಟಿಷ್ಟಲ್ಲ. ಅನೇಕರು ಪ್ರಾಣವನ್ನೇ ತೆತ್ತರು. 1693ರಲ್ಲಿ ಆಚಾರದ ಬಿಗಿಯನ್ನು ಕುರಿತು ಅವರೊಳಗೇ ಭಿನ್ನಮತ ತಲೆದೋರಿದಾಗ, ಯಾಕೋಬ್ ಅಮ್ಮಾನ್ ಎಂಬ ಹಿರಿಯನನ್ನು ಅನುಸರಿಸಿದವರು ಆಮಿಶರೆನಿಸಿದರು. ಇತ್ತ 1681ರಲ್ಲಿ ಇಂಗ್ಲೆಂಡಿನ ದೊರೆಯಿಂದ ಪೆನ್ಸಿಲ್ವೇನಿಯವನ್ನು ಪಡೆದ ವಿಲಿಯಂ ಪೆನ್, ಅಲ್ಲಿ ಮತಸ್ವಾತಂತ್ರ್ಯದ ಭರವಸೆಯಿತ್ತಿದ್ದನು. ಆ ಭರವಸೆಯನ್ನು ನಂಬಿ ಹದಿನೆಂಟನೆಯ ಶತಮಾನದಲ್ಲಿ ಆಮಿಶ್ ಕುಟುಂಬಗಳು ಹಡಗು ಹತ್ತಿ ಬಂದವು. ಯೂರೋಪಿನಲ್ಲಿ ಉಳಿದಿದ್ದ ಕೊನೆಯ ಆಮಿಶ್ ಸಭೆ 1937ರಲ್ಲಿ ಮೆನೋನೈಟ್ ಎಂಬ ಸೋದರ ಪಂಥದೊಡನೆ ಬೆರೆತುಹೋಯಿತು. ಅಮೆರಿಕದಲ್ಲಿಯಾದರೋ ಅವರ ಸಂಖ್ಯೆ ಸುಮಾರು ಇಪ್ಪತ್ತು ವರ್ಷಗಳಿಗೊಮ್ಮೆ ಇಮ್ಮಡಿಯಾಗುತ್ತ ಇಂದು ನಾಲ್ಕು ಲಕ್ಷವನ್ನು ಮುಟ್ಟಿದೆ. ಲ್ಯಾಂಕಾಸ್ಟರ್ ಮತ್ತು ಸುತ್ತಮುತ್ತಲ ನೆಲೆಯೊಂದರಲ್ಲೇ ನಲವತ್ತು ಸಾವಿರಕ್ಕೂ ಹೆಚ್ಚು ಜನರಿದ್ದಾರೆ.

ಇವರು ಬದಲಾವಣೆಯನ್ನೇ ಅರಿಯದ ಜನರೆಂದು ತಿಳಿಯುವುದು ತಪ್ಪು. ಯಾವ ಹೊಸ ವಸ್ತುವನ್ನು ಒಳಗೆ ಬಿಟ್ಟುಕೊಳ್ಳಬೇಕು, ಯಾವುದನ್ನು ಹೊರಗಿಡಬೇಕು ಎಂಬುದನ್ನು ಪ್ರತಿಯೊಂದು ಸಭೆಯೂ ಕೂಡಿ ನಿರ್ಧರಿಸುತ್ತದೆ. ಆ ಕಟ್ಟುಪಾಡಿಗೆ ಓರ್ಡ್‌ನುಂಗ್ ಎಂದು ಹೆಸರು. ಊರಿನ ವಿದ್ಯುತ್ ತಂತಿ ಮನೆಗೆ ಬರಕೂಡದು. ಆದರೆ ಹಾಲು ತಂಪಾಗಿಡಲು ಡೀಸೆಲ್ ಯಂತ್ರ ಸಲ್ಲುತ್ತದೆ. ಕಾರನ್ನು ಕೊಳ್ಳುವಂತಿಲ್ಲ, ಅಗತ್ಯ ಬಿದ್ದರೆ ಬೇರೆಯವರ ಕಾರಿನಲ್ಲಿ ಬಾಡಿಗೆ ಕೊಟ್ಟು ಹೋಗಬಹುದು. ದೂರವಾಣಿ ಮನೆಯೊಳಗೆ ಬೇಡ. ಹೊಲದಂಚಿನ ಪುಟ್ಟ ಗೂಡಿನಲ್ಲಿ ಇರಬಹುದು. ಊಟದ ಮೇಜಿನ ಮಾತನ್ನು ಅದು ಕೆಡಿಸಬಾರದು ಎಂಬುದು ಇದರ ಹಿಂದಿನ ಆಲೋಚನೆ. ಮನೆಯಲ್ಲಿ ಆಡುವುದು ಜರ್ಮನ್ ಮೂಲದ ಪೆನ್ಸಿಲ್ವೇನಿಯ ಡಚ್ ಭಾಷೆ, ಹೊರಗಿನವರೊಡನೆ ಇಂಗ್ಲಿಷ್. ಮಕ್ಕಳು ಒಂದೇ ಕೊಠಡಿಯ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದಿ ಮನೆಯ ಕಾಯಕಕ್ಕೆ ನಿಲ್ಲುತ್ತಾರೆ. ಈ ಪದ್ಧತಿಯ ಹಕ್ಕನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1972ರಲ್ಲಿ ಎತ್ತಿಹಿಡಿಯಿತು.

ಭಾವಚಿತ್ರದ ವಿಷಯದಲ್ಲಿಯೂ ಅವರಿಗೊಂದು ಕಟ್ಟುಪಾಡಿದೆ. ಬೈಬಲ್ಲಿನ ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯ ಯಾವುದರ ಪ್ರತಿರೂಪವನ್ನೂ ಮಾಡಬಾರದೆಂದು ವಿಧಿಸುತ್ತದೆ. ಅದರ ಜೊತೆಗೆ, ಮುಖವನ್ನು ಮುಂದೊಡ್ಡಿ ಚಿತ್ರ ತೆಗೆಸಿಕೊಳ್ಳುವುದು ತನ್ನನ್ನು ತಾನು ಎತ್ತಿ ತೋರಿಸುವ ಅಹಂಭಾವಕ್ಕೆ ದಾರಿ ಎಂಬುದು ಅವರ ನಂಬಿಕೆ. ಪೆನ್ಸಿಲ್ವೇನಿಯ ಸರ್ಕಾರವೂ ಇದನ್ನು ಮನ್ನಿಸಿ, ಧಾರ್ಮಿಕ ಕಾರಣವುಳ್ಳವರಿಗೆ ಭಾವಚಿತ್ರವಿಲ್ಲದ ಗುರುತಿನ ಚೀಟಿಯನ್ನು ಕೊಡುತ್ತದೆ. ಇಷ್ಟೆಲ್ಲವನ್ನೂ ಹೊರಡುವ ಮುನ್ನವೇ ಮಗಳು ನಮಗೆ ಹೇಳಿದ್ದಳು. ಕೇಳಿ ತಲೆಯನ್ನೂ ಆಡಿಸಿದ್ದೆವು.

ಹಿಮದಲ್ಲಿ ಬೆಳಕಿನ ಲೆಕ್ಕ

ಫಿಲಡೆಲ್ಫಿಯದಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರು ಸಾಗಿ ಹೆದ್ದಾರಿಯನ್ನು ಬಿಟ್ಟು ಒಳದಾರಿಗೆ ಹೊರಳಿದೊಡನೆ ನೋಟವೇ ಬದಲಾಯಿತು. ಅಲೆಯಲೆಯಾಗಿ ಏರಿಳಿಯುವ ಸುಣ್ಣಕಲ್ಲಿನ ಫಲವತ್ತಾದ ನೆಲ. ಅದರ ಮೇಲೆ ಒಂದೇ ಸಮನೆ ಬಿಳುಪು. ಮೆಕ್ಕೆಜೋಳದ ಕೂಳೆಗಳು ಹಿಮದಿಂದ ತಲೆಯೆತ್ತಿ ಸಾಲುಸಾಲಾಗಿ ಗೆರೆ ಎಳೆದಂತೆ ನಿಂತಿದ್ದವು. ಬಿಳಿಯ ಮನೆ, ಅದಕ್ಕಿಂತ ದೊಡ್ಡದಾದ ದನದ ಕೊಟ್ಟಿಗೆ, ಪಕ್ಕದಲ್ಲಿ ಮೇವು ತುಂಬುವ ಎತ್ತರದ ಗೋಪುರ, ಮೆಲ್ಲನೆ ತಿರುಗುವ ಗಾಳಿಯಂತ್ರ. ಯಾವ ಮನೆಗೆ ರಸ್ತೆಯ ಕಂಬದಿಂದ ತಂತಿ ಹೋಗಿಲ್ಲವೋ ಅದು ಆಮಿಶರ ಮನೆ ಎಂದು ಮೊಮ್ಮಗಳು ಎಣಿಸತೊಡಗಿದಳು. ಚಿತ್ರ ತೆಗೆಯುವವನಿಗೂ ಇದೊಂದು ಭಾಗ್ಯವೇ ಸರಿ. ಹೊಲದ ನೋಟಕ್ಕೆ ಅಡ್ಡಬರುವ ತಂತಿಗಳಿಲ್ಲ.

ಹಿಮದ ಚಿತ್ರ ತೆಗೆಯುವುದು ನೋಡಲು ಸುಲಭ, ಮಾಡಲು ತೊಡಕು. ಕ್ಯಾಮೆರಾದೊಳಗಿನ ಬೆಳಕಿನ ಮಾಪಕ ತನ್ನೆದುರಿನ ದೃಶ್ಯವೆಲ್ಲ ಸರಾಸರಿ ಬೂದುಬಣ್ಣದ್ದೆಂದು ಎಣಿಸುತ್ತದೆ. ಆದ್ದರಿಂದ ಅದರ ಮಾತನ್ನೇ ನಂಬಿದರೆ ಹಾಲಿನಂತಹ ಹಿಮ ಚಿತ್ರದಲ್ಲಿ ಬೂದಿಯಂತೆ ಮೂಡುತ್ತದೆ. ಅದು ಹೇಳಿದ್ದಕ್ಕಿಂತ ಒಂದರಿಂದ ಎರಡು ಸ್ಟಾಪಿನಷ್ಟು ಹೆಚ್ಚು ಬೆಳಕನ್ನು ಒಳಗೆ ಬಿಡಬೇಕು. ತೀರ ಹೆಚ್ಚು ಬಿಟ್ಟರೆ ಹಿಮದ ಮೇಲಿನ ನಯವಾದ ಏರಿಳಿತಗಳೆಲ್ಲ ಅಳಿಸಿಹೋಗಿ ಬರಿಯ ಬಿಳಿ ಹಾಳೆ ಉಳಿಯುತ್ತದೆ. ಬಿಸಿಲಿದ್ದಾಗ ಹಿಮದ ಮೇಲಿನ ನೆರಳು ನೀಲಿಯಾಗಿ ಬರುವುದನ್ನು ಕಂಡು ಮೊದಲು ಬೆರಗಾದೆವು. ನೆರಳಿನ ಭಾಗಕ್ಕೆ ಸೂರ್ಯನ ನೇರ ಬೆಳಕಿಲ್ಲದೆ ನೀಲಿ ಆಕಾಶದ ಬೆಳಕಷ್ಟೇ ಬೀಳುವುದರಿಂದ ಹಾಗಾಗುತ್ತದೆ. ಜನವರಿಯಲ್ಲಿ ಅಲ್ಲಿ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ ನೆತ್ತಿಯವರೆಗಿನ ದಾರಿಯಲ್ಲಿ ಮೂರನೆಯ ಒಂದು ಪಾಲು ಮಾತ್ರ ಏರುತ್ತಾನೆ. ನಮ್ಮ ನಾಡಿನಲ್ಲಿ ಬೆಳಗ್ಗೆ ಮತ್ತು ಸಂಜೆಗಳಲ್ಲಷ್ಟೇ ಸಿಗುವ ಓರೆ ಬೆಳಕು ಅಲ್ಲಿ ದಿನವಿಡೀ ಇರುತ್ತದೆ. ಆದರೆ ಸಂಜೆ 5 ಗಂಟೆಗೆಲ್ಲ ದಿನವೇ ಮುಗಿದುಹೋಗುತ್ತದೆ.

ಚಳಿಯ ಕಾಟ ಬೇರೆ. ಬ್ಯಾಟರಿಯ ಶಕ್ತಿ ಶೀತದಲ್ಲಿ ಬೇಗನೆ ಕುಂದುತ್ತದೆ. ಆದ್ದರಿಂದ ಇನ್ನೊಂದು ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿ ಮೈಶಾಖಕ್ಕೆ ತಾಗುವಂತೆ ಇಟ್ಟುಕೊಂಡಿದ್ದೆವು. ತಣ್ಣಗಿನ ಕ್ಯಾಮೆರಾವನ್ನು ಬೆಚ್ಚಗಿನ ಮನೆಯೊಳಗೆ ಹಾಗೆಯೇ ತಂದರೆ ಮಸೂರದ ಮೇಲೂ ಒಳಗೂ ನೀರಿನ ಹನಿಗಟ್ಟುತ್ತದೆ. ಹೊರಗಿರುವಾಗಲೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಒಳಗೆ ತಂದು ಒಂದೆರಡು ಗಂಟೆ ಬಿಟ್ಟು ತೆರೆದರೆ ಅಪಾಯವಿಲ್ಲ. ಮಕ್ಕಳನ್ನು ನೋಡಲು ಚಳಿಯ ದೇಶಗಳಿಗೆ ಹೋಗುವ ಹಿರಿಯರಿಗೆ ಈ ಮಾತು ಉಪಯೋಗಕ್ಕೆ ಬರಬಹುದು.

ಇಳಿಜಾರಿನ ಮಕ್ಕಳು

ಮೊದಲ ದಿನ ನಮಗೆ ಸಿಕ್ಕ ಚಿತ್ರಗಳು ಒಂದೆರಡಲ್ಲ. ಸ್ಟ್ರಾಸ್‌ಬರ್ಗ್ ಊರಿನ ಬಳಿ, ಆಗತಾನೆ ಹಿಮ ಸರಿಸಿದ ರಸ್ತೆಯಲ್ಲಿ ಬೂದುಬಣ್ಣದ ಕುದುರೆಗಾಡಿಯೊಂದು ಟಪಟಪನೆ ಬಂದು ನಮ್ಮನ್ನು ದಾಟಿ ಹೋಯಿತು. ಲ್ಯಾಂಕಾಸ್ಟರಿನ ಗಾಡಿಗಳೆಲ್ಲ ಬೂದುಬಣ್ಣದವು. ಒಹಾಯೊ ರಾಜ್ಯದ ಹೋಮ್ಸ್ ಪ್ರಾಂತದ ಆಮಿಶರ ಗಾಡಿಗಳು ಕಪ್ಪು. ಗಾಡಿಯ ಹಿಂದೆ, ನಿಧಾನವಾಗಿ ಚಲಿಸುವ ವಾಹನವೆಂದು ಎಚ್ಚರಿಸುವ ಕಿತ್ತಳೆ ಬಣ್ಣದ ತ್ರಿಕೋನ. ಗಾಡಿಗೆ ಹೂಡುವ ಕುದುರೆಗಳಲ್ಲಿ ಹೆಚ್ಚಿನವು ಪಂದ್ಯದ ಅಂಕಣದಲ್ಲಿ ಓಡಿ ನಿವೃತ್ತವಾದವು. ನೀರ್ಗಲ್ಲಿನ ಮೇಲೆ ಜಾರದಿರಲೆಂದು ಚಳಿಗಾಲದಲ್ಲಿ ಅವುಗಳ ಲಾಳಕ್ಕೆ ಗಟ್ಟಿ ಲೋಹದ ಮೊನೆಗಳನ್ನು ಕೂಡಿಸುತ್ತಾರೆ. ಗಾಡಿ ದೂರವಾದ ಮೇಲೆ ಹಿಮದ ಮೇಲೆ ಉಳಿದ ಎರಡು ಗಾಲಿಗೆರೆಗಳನ್ನೂ ನಡುವಿನ ಗೊರಸಿನ ಗುರುತುಗಳನ್ನೂ ಚಿತ್ರ ತೆಗೆದೆವು. ತಿಪ್ಪೆಯಿಂದೇಳುವ ಹಬೆ, ಉಸಿರು ಹೊಗೆಯಾಗಿ ಬಿಡುತ್ತ ಬೇಲಿಗೊರಗಿ ನಿಂತ ಹೇಸರಗತ್ತೆಗಳು, ತೊರೆಯ ಮೇಲಣ ಮಾಡು ಹೊದಿಸಿದ ಹಳೆಯ ಮರದ ಸೇತುವೆ: ಇವೆಲ್ಲವೂ ನಮ್ಮ ಪಾಲಿಗೆ ಬಂದವು.

ಹೊತ್ತು ಇಳಿಯುತ್ತಿದ್ದಾಗ ರಸ್ತೆಯ ಆಚೆಗಿನ ದಿಬ್ಬದಲ್ಲಿ ಮಕ್ಕಳ ನಗು ಕೇಳಿಸಿತು. ಆರೇಳು ಮಕ್ಕಳು ಮರದ ಜಾರುಬಂಡಿಗಳ ಮೇಲೆ ಕುಳಿತು ಹಿಮದಲ್ಲಿ ಸರ್ರನೆ ಕೆಳಗಿಳಿಯುತ್ತಿದ್ದರು. ಗಂಡುಮಕ್ಕಳಿಗೆ ಕರಿಯ ಟೊಪ್ಪಿಗೆ, ಹೆಣ್ಣುಮಕ್ಕಳಿಗೆ ಕರಿಯ ಕುಲಾವಿ ಮತ್ತು ಮೇಲುಹೊದಿಕೆ. ಅದರ ಕೆಳಗಿನಿಂದ ಇಣುಕುವ ಊದಾ, ನೀಲಿ ಲಂಗಗಳು. ಅಷ್ಟು ದೂರದಿಂದಲೇ ಉದ್ದನೆಯ ಮಸೂರವನ್ನು ಗುರಿಯಿಟ್ಟು ನೋಡಿದೆವು. ಆಗಲೇ ಸುಮಾರು ಎಂಟು ವರ್ಷದ ಬಾಲಕಿಯೊಬ್ಬಳು ಜಾರಿ ಬಂದು ದಿಬ್ಬದ ಬುಡದಲ್ಲಿ ಎದ್ದು ನಿಂತಳು. ಸಂಜೆಯ ಹೊಂಬೆಳಕು, ಕೆಳಗಿನ ಹಿಮದಿಂದ ಮೇಲೆದ್ದ ಬೆಳಕು, ಎರಡೂ ಅವಳ ಮುಖದ ಮೇಲಿದ್ದವು. ಗುಂಡಿ ಒತ್ತಿದೆವು. ಮರುಕ್ಷಣವೇ ಅವಳು ನಮ್ಮನ್ನು ಕಂಡಳು. ಕೈಯನ್ನು ಮುಖಕ್ಕೆ ಅಡ್ಡ ಹಿಡಿದು ಬೆನ್ನು ತಿರುಗಿಸಿದಳು. ಉಳಿದ ಮಕ್ಕಳ ನಗುವೂ ನಿಂತಿತು. ಎಲ್ಲರೂ ಬಂಡಿಗಳನ್ನು ಎಳೆದುಕೊಂಡು ಕೊಟ್ಟಿಗೆಯ ಹಿಂದಕ್ಕೆ ಮರೆಯಾದರು.

ಆ ರಾತ್ರಿ ವಸತಿಗೃಹದ ಕೊಠಡಿಯಲ್ಲಿ ದಿನದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಕುಳಿತೆವು. ಆ ಬಾಲಕಿಯ ಚಿತ್ರ ಬಂದಾಗ ಎಲ್ಲರ ಮಾತೂ ನಿಂತಿತು. ಇಷ್ಟು ವರ್ಷಗಳಲ್ಲಿ ಅಂತಹ ಚಿತ್ರವೊಂದು ನಮ್ಮ ಕೈಗೆ ಬಂದಿರಲಿಲ್ಲ. ಊರಿನಲ್ಲಿ ನಮ್ಮ ಹವ್ಯಾಸಿ ಬಳಗದವರು ಪ್ರತಿವರ್ಷ ನಡೆಸುವ ಪ್ರದರ್ಶನ ಕಣ್ಮುಂದೆ ಬಂದಿತು. ಅಳಿಯಂದಿರು, "ಸಾರ್ವಜನಿಕ ರಸ್ತೆಯಲ್ಲಿ ನಿಂತು ತೆಗೆದದ್ದು ಮಾವ, ಕಾನೂನಿನ ಅಡ್ಡಿಯೇನಿಲ್ಲ" ಎಂದರು. ಅದು ನಿಜವೂ ಹೌದು. ಆದರೆ ಮೊಮ್ಮಗಳು, "ಅಜ್ಜಾ, ಆ ಹುಡುಗಿ ಬೇಡ ಅಂತ ಕೈ ಅಡ್ಡ ಹಿಡಿದಳಲ್ಲ?" ಎಂದು ಕೇಳಿದಳು. "ಅವಳು ಕೈ ಹಿಡಿಯುವ ಮೊದಲೇ ತೆಗೆದಾಗಿತ್ತು, ಮಗಳೇ" ಎಂದೆವು. ಅವಳು ಮತ್ತೇನೂ ಕೇಳಲಿಲ್ಲ. ಕೊಟ್ಟ ಉತ್ತರ ನಮಗೇ ಹಿಡಿಸಲಿಲ್ಲ.

ಭಾನುವಾರದ ಮೌನ

ಆಮಿಶರಿಗೆ ಗುಡಿಯ ಕಟ್ಟಡವಿಲ್ಲ. ಇಪ್ಪತ್ತೈದು ಮೂವತ್ತು ಕುಟುಂಬಗಳ ಒಂದೊಂದು ಸಭೆ. ಎರಡು ವಾರಗಳಿಗೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಭಾನುವಾರ ಬೆಳಗ್ಗೆ ಒಂದು ಮನೆಯ ಅಂಗಳದಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೂದುಬಣ್ಣದ ಗಾಡಿಗಳು ಹಿಮದ ಮೇಲೆ ಸಾಲಾಗಿ ನಿಂತಿದ್ದನ್ನು ಕಂಡೆವು. ಕುದುರೆಗಳನ್ನು ಬಿಚ್ಚಿ ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಒಳಗಿನಿಂದ ಎಳೆಎಳೆಯಾಗಿ, ಬಹಳ ನಿಧಾನವಾದ ಹಾಡು ಕೇಳಿಬರುತ್ತಿತ್ತು. ಕ್ಯಾಮೆರಾವನ್ನು ಚೀಲದಿಂದ ತೆಗೆಯಲು ಕೈ ಬರಲಿಲ್ಲ. ರಸ್ತೆಯ ಬದಿಯಲ್ಲಿ ಮೊಟ್ಟೆ, ಕೌದಿಗಳ ಮಾರಾಟದ ಫಲಕಗಳು ಅಲ್ಲಲ್ಲಿ ಇದ್ದವು. ಎಲ್ಲದರ ಕೆಳಗೂ "ಭಾನುವಾರ ಮಾರಾಟವಿಲ್ಲ" ಎಂಬ ಒಕ್ಕಣೆ.

ಮಧ್ಯಾಹ್ನ ದಕ್ಷಿಣದ ಕಡೆಗೆ ಹೊರಟಾಗ ನಿಕೆಲ್ ಮೈನ್ಸ್ ಎಂಬ ಸ್ಥಳ ಸಮೀಪಿಸಿತು. 2006ರ ಅಕ್ಟೋಬರ್ 2ರಂದು ಇಲ್ಲಿನ ಆಮಿಶ್ ಶಾಲೆಗೆ ಬಂದೂಕುಧಾರಿಯೊಬ್ಬ ನುಗ್ಗಿ ಹತ್ತು ಮಂದಿ ಬಾಲಕಿಯರ ಮೇಲೆ ಗುಂಡು ಹಾರಿಸಿದನು, ಐವರು ಅಸುನೀಗಿದರು. ಕೊಂದವನೂ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಆಮಿಶರು ಆ ಕೊಲೆಗಾರನ ಹೆಂಡತಿ ಮಕ್ಕಳ ಬಳಿಗೆ ಹೋಗಿ ಸಮಾಧಾನ ಹೇಳಿದರು. ಅವನ ಶವಸಂಸ್ಕಾರದಲ್ಲಿಯೂ ಪಾಲ್ಗೊಂಡರು. ಆ ದಿನಗಳಲ್ಲಿ ಜಗತ್ತಿನ ನಾನಾ ಮೂಲೆಗಳಿಂದ ಬಂದ ವರದಿಗಾರರೂ ಕ್ಯಾಮೆರಾಗಳೂ ಆ ಪುಟ್ಟ ಹಳ್ಳಿಯ ದಾರಿಗಳನ್ನು ತುಂಬಿಕೊಂಡಿದ್ದವು. ಚಿತ್ರವೇ ಬೇಡವೆನ್ನುವ ಜನರ ದುಃಖ ದೂರದ ಮಸೂರಗಳ ಮೂಲಕ ಎಲ್ಲ ದೇಶಗಳ ಪತ್ರಿಕೆಗಳನ್ನೂ ತಲುಪಿತು. ಹತ್ತು ದಿನಗಳ ಬಳಿಕ, ಅಕ್ಟೋಬರ್ 12ರಂದು, ಆ ಶಾಲೆಯ ಕಟ್ಟಡವನ್ನೇ ಕೆಡವಿ ನೆಲಸಮ ಮಾಡಿದರು. ಇಂದು ಅಲ್ಲಿರುವುದು ಹುಲ್ಲುಗಾವಲು. ನಾವು ಕಾರನ್ನು ನಿಲ್ಲಿಸಲಿಲ್ಲ. ಉದ್ದನೆಯ ಮಸೂರ ನಮ್ಮ ಮಡಿಲಲ್ಲೇ ಇತ್ತು.

ಆಮಿಶರ ನಾಡಿನಲ್ಲಿ ಒಳ್ಳೆಯ ಚಿತ್ರಗಳನ್ನು ತೆಗೆದವರು ಇಲ್ಲವೆಂದಲ್ಲ. ಜಾರ್ಜ್ ಟೈಸ್ ಎಂಬ ಖ್ಯಾತ ಛಾಯಾಚಿತ್ರಕಾರರು 1960ರ ದಶಕದಲ್ಲಿ ಇಲ್ಲಿಗೆ ಮತ್ತೆ ಮತ್ತೆ ಬಂದು ತೆಗೆದ ಕಪ್ಪುಬಿಳುಪಿನ ಚಿತ್ರಗಳು 1970ರಲ್ಲಿ "ಫೀಲ್ಡ್ಸ್ ಆಫ್ ಪೀಸ್" ಎಂಬ ಪುಸ್ತಕವಾಗಿ ಬಂದವು. ಅವರ ಚಿತ್ರಗಳಲ್ಲಿ ಹೊಲಗಳಂತೆ ಜನರೂ ಇದ್ದಾರೆ. ಎಲ್ಲ ಆಮಿಶರೂ ಒಂದೇ ಬಗೆಯಾಗಿ ನಡೆದುಕೊಳ್ಳುವುದಿಲ್ಲ. ದೂರದಿಂದ, ಮುಖ ಗುರುತಾಗದಂತೆ ತೆಗೆದರೆ ಸುಮ್ಮನಿರುವವರೂ ಇದ್ದಾರೆ. ದೀಕ್ಷಾಸ್ನಾನ ಆಗದ ಮಕ್ಕಳ ವಿಷಯದಲ್ಲಿ ಅಷ್ಟು ಬಿಗಿಯಿಲ್ಲದ ಮನೆಗಳೂ ಇವೆ. ಇದನ್ನೆಲ್ಲ ನೆನೆದು ಆ ಚಿತ್ರವನ್ನು ಉಳಿಸಿಕೊಳ್ಳಲು ನೆಪಗಳನ್ನು ಹುಡುಕಿದೆವು. ಆದರೆ ಆ ಬಾಲಕಿ ಬೇಡವೆಂದು ಕೈ ಅಡ್ಡ ಹಿಡಿದದ್ದನ್ನು ನಾವೇ ಕಣ್ಣಾರೆ ಕಂಡಿದ್ದೆವಲ್ಲ!

ಕೌದಿಯ ಮನೆಯಲ್ಲಿ

ಸೋಮವಾರ ಅಲ್ಲಿ ಬಟ್ಟೆ ಒಗೆಯುವ ದಿನ. ಮನೆಯ ಜಗಲಿಯಿಂದ ಎತ್ತರದ ಕಂಬದ ತುದಿಯವರೆಗೆ ರಾಟೆಯ ಮೇಲೆ ಓಡುವ ಹಗ್ಗ. ಅದರಲ್ಲಿ ಅಳತೆಗನುಗುಣವಾಗಿ, ದೊಡ್ಡವರದರಿಂದ ಕೂಸಿನದರವರೆಗೆ ಕರಿಯ ಷರಾಯಿಗಳು, ಹಸಿರು ನೀಲಿ ಅಂಗಿಗಳು ಸಾಲಾಗಿ ತೂಗುತ್ತಿದ್ದವು. ಅಂದಿನ ಚಳಿಗೆ ಅವೆಲ್ಲ ಹಲಗೆಯಂತೆ ಸೆಟೆದು ನಿಂತಿದ್ದವು. ಹೆಪ್ಪುಗಟ್ಟಿದ ನೀರು ಮತ್ತೆ ನೀರಾಗದೆಯೇ ನೇರವಾಗಿ ಆವಿಯಾಗುವುದರಿಂದ ಅಂತಹ ಚಳಿಯಲ್ಲೂ ಬಟ್ಟೆ ನಿಧಾನವಾಗಿ ಒಣಗುತ್ತದೆ. ಮನೆಯಲ್ಲಿ ಎಷ್ಟು ಜನ, ಯಾವ ಯಾವ ವಯಸ್ಸಿನವರು ಎಂಬುದನ್ನೆಲ್ಲ ಆ ಒಂದು ಹಗ್ಗವೇ ಹೇಳುತ್ತಿತ್ತು.

ಮಗಳು ಮೊಟ್ಟೆ ಕೊಳ್ಳುವ ಮನೆಯೊಂದು ಆ ದಾರಿಯಲ್ಲೇ ಇತ್ತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಾಗಿಲು ತೆರೆದರು. ಬಿಳಿಯ ಕುಲಾವಿ, ಬಣ್ಣ ಮಾಸಿದ ನೀಲಿ ಉಡುಪು. ಒಲೆಯ ಪಕ್ಕದಲ್ಲಿ ದೊಡ್ಡ ಚೌಕಟ್ಟಿಗೆ ಬಿಗಿದ ಕೌದಿ. ಹೊಲದ ಕೆಲಸವಿಲ್ಲದ ಚಳಿಗಾಲ ಕೌದಿ ಹೊಲಿಯುವ ಕಾಲ. ಅವರ ನಡುವಯಸ್ಸಿನ ಮಗಳು ತಲೆ ಬಗ್ಗಿಸಿ ಹೊಲಿಗೆ ಹಾಕುತ್ತಿದ್ದರು. ನಮ್ಮ ಕಡೆಯ ಹೆಣ್ಣುಮಕ್ಕಳೂ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಾರೆಂದು ಹೇಳಿದಾಗ ಇಬ್ಬರಿಗೂ ಕುತೂಹಲ. ಎಳೆ ಎಷ್ಟು ಹತ್ತಿರ, ಅಂಚು ಹೇಗೆ ಮಡಿಸುತ್ತಾರೆ ಎಂದು ನಮ್ಮ ಮನೆಯವರನ್ನು ಕೇಳಿದ್ದೇ ಕೇಳಿದ್ದು. ಮಾತು ಸಡಿಲವಾದ ಮೇಲೆ ಮುಚ್ಚುಮರೆಯಿಲ್ಲದೆ ಶನಿವಾರದ ಪ್ರಸಂಗವನ್ನು ಅವರ ಮುಂದಿಟ್ಟೆವು.

ಅಜ್ಜಿ ಸಿಟ್ಟಾಗಲಿಲ್ಲ. "ನನ್ನ ಕೊಟ್ಟಿಗೆಯ ಚಿತ್ರ ತೆಗೆಯಿರಿ, ಹೇಸರಗತ್ತೆಗಳದು ತೆಗೆಯಿರಿ, ಹಿಮ ನನ್ನದಲ್ಲ, ಎಷ್ಟು ಬೇಕಾದರೂ ತೆಗೆಯಿರಿ" ಎಂದು ನಕ್ಕರು. ಆಮೇಲೆ ನಿಧಾನವಾಗಿ ಹೇಳಿದರು: "ಗೋಡೆಯ ಮೇಲೆ ತನ್ನ ಮುಖವಿದ್ದರೆ ಮನುಷ್ಯ ದಿನವೂ ಅದನ್ನು ನೋಡುತ್ತಾನೆ. ನೋಡುತ್ತ ನೋಡುತ್ತ ತಾನು ಬೇರೆಯವರಿಗಿಂತ ಹೆಚ್ಚಿನವನು ಎಂದುಕೊಳ್ಳುತ್ತಾನೆ. ನಮಗೆ ಅದರ ಭಯ."

ನಮ್ಮ ಮನಸ್ಸು ಮಾತ್ರ ಒಪ್ಪಲೊಲ್ಲದು. ಲಿಂಗೈಕ್ಯರಾದ ನಮ್ಮ ತಾಯಿಯವರದೆಂದು ನಮ್ಮಲ್ಲಿರುವುದು ಒಂದೇ ಒಂದು ಭಾವಚಿತ್ರ. ಯಾರದೋ ಮದುವೆಯಲ್ಲಿ ತೆಗೆದದ್ದು. ಅರ್ಧ ಕಣ್ಣು ಮುಚ್ಚಿದ್ದಾರೆ. ಆದರ ಮುಂದೆ ನಿಲ್ಲದೆ ನಮ್ಮ ಮನೆಯಲ್ಲಿ ಯಾವ ಶುಭಕಾರ್ಯವೂ ಆರಂಭವಾಗುವುದಿಲ್ಲ. ಅದೂ ಇಲ್ಲದಿದ್ದರೆ ಮೊಮ್ಮಕ್ಕಳಿಗೆ ಅವರನ್ನು ತೋರಿಸುವುದಾದರೂ ಹೇಗೆ? ನಾವು ಕೇಳಲು ಹಿಂಜರಿದದ್ದನ್ನು ಮೊಮ್ಮಗಳೇ ಕೇಳಿಬಿಟ್ಟಳು: "ಹಾಗಾದರೆ ನಿಮಗೆ ನಿಮ್ಮ ಅಮ್ಮನ ಮುಖ ಮರೆತುಹೋಗುವುದಿಲ್ಲವಾ?"

ಅಜ್ಜಿ ಅವಳನ್ನು ಹತ್ತಿರ ಕರೆದು, ಚೌಕಟ್ಟಿನ ಬಳಿ ಕುಳಿತಿದ್ದ ಮಗಳನ್ನು ತೋರಿಸಿದರು. "ನೋಡು, ದಾರ ಎಳೆಯುವಾಗ ಅವಳು ಕೆಳತುಟಿಯನ್ನು ಕಚ್ಚುತ್ತಾಳೆ. ನಮ್ಮ ಅಮ್ಮನೂ ಹಾಗೆಯೇ ಕಚ್ಚುತ್ತಿದ್ದಳು. ಇವಳು ಹುಟ್ಟುವ ಮೊದಲೇ ಅಮ್ಮ ತೀರಿಕೊಂಡಳು. ಇವಳಿಗೆ ಯಾರೂ ಕಲಿಸಲಿಲ್ಲ." ಮಗಳು ತಲೆಯೆತ್ತಿ, ನಾಚಿಕೊಂಡು ಮತ್ತೆ ಹೊಲಿಗೆಗೆ ಬಗ್ಗಿದರು. ಸ್ವಲ್ಪ ಹೊತ್ತಿನಲ್ಲೇ ತುಟಿ ಮತ್ತೆ ಹಲ್ಲಿನ ನಡುವೆ ಬಂದಿತು. ಮೊಮ್ಮಗಳು ನಮ್ಮನ್ನು ನೋಡಿ ಮುಗುಳ್ನಕ್ಕಳು.

ತಂದದ್ದು, ಬಿಟ್ಟದ್ದು

ನಮ್ಮ ಪದ್ಧತಿ ತಪ್ಪು, ಅವರದು ಸರಿ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ತಾಯಿಯವರ ಆ ಒಂದು ಚಿತ್ರವನ್ನು ನಾವು ಎಂದಿಗೂ ಗೋಡೆಯಿಂದ ಇಳಿಸಲಾರೆವು. ಆದರೆ ನಮ್ಮವರ ಮುಖವನ್ನು ಹೇಗೆ ಕಾಪಾಡಬೇಕೆಂಬುದು ನಮ್ಮ ಇಚ್ಛೆಯಾದರೆ, ಅವರ ಮುಖದ ಬಗ್ಗೆ ತೀರ್ಮಾನಿಸುವ ಹಕ್ಕು ಅವರದಲ್ಲವೇ? ಕಾನೂನು ಬಿಟ್ಟುಕೊಟ್ಟಿದ್ದೆಲ್ಲವೂ ನಮ್ಮದಾಗುವುದಿಲ್ಲ. ಕಾರಿಗೆ ಮರಳಿದ ಮೇಲೆ ಕ್ಯಾಮೆರಾವನ್ನು ಮೊಮ್ಮಗಳ ಕೈಗೆ ಕೊಟ್ಟೆವು. ಆ ಬಾಲಕಿಯ ಮುಖವನ್ನು ಎಲ್ಲರೂ ಇನ್ನೊಮ್ಮೆ ನೋಡಿದೆವು. ಅನಂತರ ಅವಳೇ ಗುಂಡಿಯನ್ನೊತ್ತಿ ಅಳಿಸಿದಳು. ನಮಗೆ ಸಂಕಟವಾಗಲಿಲ್ಲವೆಂದರೆ ಸುಳ್ಳಾದೀತು. ಮನೆ ತಲುಪುವವರೆಗೂ ಅದೇ ಚಿತ್ರ ಕಣ್ಣಿಗೆ ಕಟ್ಟಿದಂತಿತ್ತು.

ಮಕ್ಕಳ ಮನೆಗೆಂದು ಅತ್ತ ಹೋಗುವ ಬಂಧುಗಳಿಗೆ ಒಂದೆರಡು ಮಾತು. ಆಮಿಶರ ಹೊಲ, ಕೊಟ್ಟಿಗೆ, ಪ್ರಾಣಿ, ರಸ್ತೆಗಳನ್ನು ಸಾರ್ವಜನಿಕ ದಾರಿಯಿಂದ ಧಾರಾಳವಾಗಿ ಚಿತ್ರ ತೆಗೆಯಬಹುದು. ಅವರ ಅಂಗಳಕ್ಕೆ ಕಾಲಿಡಬೇಕಾದರೆ ಕೇಳಿಯೇ ಇಡಬೇಕು. ಜನರತ್ತ, ಅದರಲ್ಲೂ ಶಾಲೆಯ ಮಕ್ಕಳತ್ತ, ಕ್ಯಾಮೆರಾ ತಿರುಗಿಸಬಾರದು. ಗಾಡಿಯ ಹಿಂದೆ ಕಾರು ಸಾಗುವಾಗ ಹಾರನ್ ಹಾಕಿ ಕುದುರೆಯನ್ನು ಬೆದರಿಸಬಾರದು; ಹಿಮ ಬಿದ್ದ ದಿನವಂತೂ ಅಂತರ ಬಿಟ್ಟೇ ಸಾಗಬೇಕು. ಜನರ ನಡುವೆ ಬೆರೆಯುವ ಆಸೆಯಿದ್ದರೆ ಫೆಬ್ರವರಿ ಕೊನೆಯಿಂದ ಮಾರ್ಚಿನವರೆಗೆ ನಡೆಯುವ ಹರಾಜು ಸಂತೆಗಳಿಗೆ ಹೋಗಬಹುದು. ಹಿಮ ಕರಗಿ ನೆಲವೆಲ್ಲ ರಾಡಿಯಾಗುವ ಕಾಲವಾದ್ದರಿಂದ ಅವಕ್ಕೆ "ಕೆಸರು ಸಂತೆ" ಎಂದೇ ಹೆಸರು. ಕೌದಿ, ಕುದುರೆ, ನೇಗಿಲುಗಳನ್ನು ಕೂಗಿ ಮಾರಿ ಬಂದ ಹಣ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಸಲ್ಲುತ್ತದೆ. ಅದೇ ದಿನಗಳಲ್ಲಿ ಮಿಡ್ಲ್ ಕ್ರೀಕ್ ಎಂಬ ವನ್ಯಧಾಮದ ಕೆರೆಯಲ್ಲಿ ಉತ್ತರಕ್ಕೆ ಮರಳುವ ಬಿಳಿ ಹಿಮಬಾತುಗಳು ಸಾವಿರ ಸಾವಿರವಾಗಿ ಇಳಿಯುತ್ತವೆ. ಕ್ಯಾಮೆರಾ ಪ್ರಿಯರಿಗೆ ಅದೊಂದು ಹಬ್ಬ.

ಊರಿಗೆ ಮರಳಿದ ಮೇಲೆ ಬಳಗದ ಪ್ರದರ್ಶನಕ್ಕೆ ನಾಲ್ಕು ಚಿತ್ರಗಳನ್ನು ಕೊಟ್ಟೆವು. ಕೂಳೆಯ ಸಾಲು, ಮರದ ಸೇತುವೆ, ಹಗ್ಗದ ಮೇಲೆ ಸೆಟೆದು ನಿಂತ ಅಂಗಿಗಳು, ಹಿಮದ ಮೇಲಿನ ಗಾಲಿಗೆರೆ. ಬಹುಮಾನವೇನೂ ಬರಲಿಲ್ಲ. ಗಾಲಿಗೆರೆಯ ಚಿತ್ರವನ್ನು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತಾಯಿಯವರ ಭಾವಚಿತ್ರದ ಪಕ್ಕದಲ್ಲಿ ತೂಗುಹಾಕಿದ್ದೇವೆ. ಮನೆಗೆ ಬಂದವರು ಅದನ್ನು ನೋಡಿ, "ಚೆನ್ನಾಗಿದೆ, ಆದರೆ ಜನರೇ ಇಲ್ಲವಲ್ಲ?" ಎನ್ನುತ್ತಾರೆ. ಅವರನ್ನು ಕೂಡ್ರಿಸಿ, ಚಹಾ ಕೊಟ್ಟು, ಈ ಕತೆಯನ್ನು ಹೇಳುತ್ತೇವೆ.